ಅಭ್ಯಾಸದ ಕ್ರಮವೂ ಟಿಪ್ಪಣಿ ಬರೆಯುವ ಬಗೆಯೂ

ಈ ಸಂಚಿಕೆಯನ್ನು ಸಿದ್ಧಪಡಿಸುತ್ತಿರುವ ಹತ್ತನೆಯ ತರಗತಿಯ ವಿದ್ಯಾರ್ಥಿನಿಯರು ನಮ್ಮ ಕೊಠಡಿಗೆ ಬಂದು, "ಹಾರೈಕೆಯ ನಾಲ್ಕು ಸಾಲು ಬೇಡ, ನಮ್ಮ ಉಪಯೋಗಕ್ಕೆ ಬರುವಂಥಾದ್ದೇನನ್ನಾದರೂ ಬರೆದುಕೊಡಿರಿ" ಎಂದು ಕೇಳಿಕೊಂಡರು. ಅವರ ಮಾತು ನಮಗೆ ಹಿಡಿಸಿತು. ಅದೇ ವಾರದಲ್ಲಿ ಒಬ್ಬ ತಾಯಿಯು ಬಂದು, "ನಮ್ಮ ಹುಡುಗಿ ಹಗಲಿರುಳು ಓದುತ್ತಾಳೆ, ಆದರೆ ಒಂದೂ ತಲೆಯಲ್ಲಿ ನಿಲ್ಲುವದಿಲ್ಲ" ಎಂದು ಕಣ್ಣೊರಸಿಕೊಂಡು ಹೋಗಿದ್ದಳು. ಪ್ರತಿವರ್ಷವೂ ಮಾಘಮಾಸದ ಹೊತ್ತಿಗೆ ಇಂಥಾ ಆರೇಳು ಮಂದಿ ತಾಯಂದಿರು ನಮ್ಮ ಬಾಗಿಲಿಗೆ ಬರುತ್ತಾರೆ. ನಿಂತ ನಿಲುವಿನಲ್ಲಿ ಅವರಿಗೆ ಹೇಳಲಾರದೆ ಹೋದ ಉತ್ತರವನ್ನು ಇಲ್ಲಿ ಕುಳಿತು ಬರೆಯುತ್ತೇವೆ.

ಮೊದಲು ಒಂದು ಮಾತು. ಓದಿದ್ದು ಮರೆತು ಹೋಗುವದು ದಡ್ಡತನದ ಗುರುತಲ್ಲ. ಜರ್ಮನಿ ದೇಶದ ಹೆರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು 1885ರಲ್ಲಿ ಜ್ಞಾಪಕಶಕ್ತಿಯನ್ನು ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದನು. ಆತನು ಪರೀಕ್ಷೆಗೆ ಒಳಪಡಿಸಿದ್ದು ಬೇರೆ ಯಾರನ್ನೂ ಅಲ್ಲ, ತನ್ನನ್ನೇ. ಯಾವ ಅರ್ಥವೂ ಇಲ್ಲದ ಅಕ್ಷರಪುಂಜಗಳ ಪಟ್ಟಿಗಳನ್ನು ಮಾಡಿಕೊಂಡು, ಅವುಗಳನ್ನು ತಪ್ಪಿಲ್ಲದೆ ಹೇಳುವಷ್ಟು ಕಲಿತು, ಕೆಲಹೊತ್ತು ಬಿಟ್ಟು ಮತ್ತೆ ಅದೇ ಪಟ್ಟಿಯನ್ನು ಕಲಿಯುವಾಗ ಮೊದಲಿಗಿಂತ ಎಷ್ಟು ಶ್ರಮವು ಉಳಿಯಿತೆಂದು ಲೆಕ್ಕವಿಟ್ಟನು. 20 ನಿಮಿಷಗಳ ತರುವಾಯ ನೂರಕ್ಕೆ 58 ಪಾಲು ಶ್ರಮವು ಉಳಿಯಿತು. ಒಂದು ತಾಸಿನ ತರುವಾಯ 44 ಪಾಲು. ಒಂದು ದಿವಸದ ತರುವಾಯ ಸುಮಾರು 34. ಒಂದು ತಿಂಗಳಿನ ಮೇಲೆ 21. ನಮ್ಮ ಪಾಠಗಳು ಅರ್ಥವಿಲ್ಲದ ಅಕ್ಷರಗಳಲ್ಲವಾದ ಕಾರಣ ಅವು ಇಷ್ಟು ಬೇಗನೆ ಕರಗಿಹೋಗುವದಿಲ್ಲವೆಂಬದು ನಿಜ. ಆದರೂ ಮರೆವಿನ ನಡೆಯು ಮಾತ್ರ ಇದೇ: ಮೊದಲನೆಯ ದಿನ ಕಡಿದಾದ ಇಳಿಜಾರು, ಆ ಮೇಲೆ ಹೊಲದ ಬದುವಿನಂತೆ ಮೆಲ್ಲನೆ ಇಳಿಯುವ ನೆಲ. ಆದದರಿಂದ ಬೆಳಿಗ್ಗೆ ಕೇಳಿದ ಪಾಠವನ್ನು ಅದೇ ಸಾಯಂಕಾಲ ಹತ್ತು ನಿಮಿಷವಾದರೂ ತಿರುವಿನೋಡುವದು, ಮೂರು ತಿಂಗಳು ಕಳೆದ ಮೇಲೆ ಎರಡು ತಾಸು ಕುಳಿತು ಮೊದಲಿನಿಂದ ಓದುವದಕ್ಕಿಂತ ಅಗ್ಗದ ವ್ಯಾಪಾರ.

ಅದೇ ಪುಸ್ತಕದಲ್ಲಿ ಇನ್ನೊಂದು ಲೆಕ್ಕವಿದೆ. ಅದನ್ನು ನಾವು ಪ್ರತಿವರ್ಷವೂ ಜೂನಿನಲ್ಲಿ ಕಪ್ಪು ಹಲಗೆಯ ಮೇಲೆ ಬರೆದು ತೋರಿಸುತ್ತೇವೆ. ಹನ್ನೆರಡು ಅಕ್ಷರಪುಂಜಗಳ ಒಂದು ಪಟ್ಟಿಯನ್ನು ಎಬ್ಬಿಂಗ್‌ಹೌಸನು ಒಂದೇ ದಿನದಲ್ಲಿ 68 ಸಲ ಓದಿದ್ದರಿಂದ ಮರುದಿನಕ್ಕೆ ದೊರೆತ ಫಲವು, ಮೂರು ದಿವಸಗಳಿಗೆ ಹಂಚಿಕೊಂಡು ಬರೀ 38 ಸಲ ಓದಿದ್ದರಿಂದಲೇ ದೊರೆಯಿತು. ಪರೀಕ್ಷೆಯ ಹಿಂದಿನ ರಾತ್ರಿ ಕಣ್ಣಿಗೆ ತಣ್ಣೀರು ಹಾಕಿಕೊಂಡು ಓದುವ ಹುಡುಗಿಯರು ಈ ಎರಡು ಅಂಕಿಗಳನ್ನು ಒಮ್ಮೆ ನೋಡಲಿ.

ಇನ್ನು ನಮ್ಮದೇ ಒಂದು ತಪ್ಪಿನ ಕಥೆಯನ್ನು ಹೇಳಬೇಕಾಗಿದೆ.

ನಾವು ಈ ವೃತ್ತಿಗೆ ಬಂದ ಮೊದಲಿನ ವರ್ಷಗಳಲ್ಲಿ, ಬೇರೊಂದು ಊರಿನ ಶಾಲೆಯಲ್ಲಿ, ವಾರ್ಷಿಕೋತ್ಸವದ ದಿವಸ ಅಚ್ಚುಕಟ್ಟಾದ ನೋಟುಬುಕ್ಕಿಗೆ ಒಂದು ಬಹುಮಾನವನ್ನು ಕೊಡುವ ಪದ್ಧತಿಯಿತ್ತು. ಒಬ್ಬ ಹುಡುಗಿಯು ಅದನ್ನು ಸತತವಾಗಿ ಎರಡು ವರ್ಷ ಗೆದ್ದಳು. ಮುತ್ತು ಪೋಣಿಸಿದಂಥಾ ಅಕ್ಷರ. ತಲೆಬರಹಗಳಿಗೆ ಕೆಂಪು ಮಸಿ, ಉಪಶೀರ್ಷಿಕೆಗಳಿಗೆ ಹಸುರು. ಹೃದಯದ ಚಿತ್ರವನ್ನು ಅವಳು ಬರೆದ ಹಾಗೆ ಪಠ್ಯಪುಸ್ತಕದಲ್ಲಿಯೂ ಅಚ್ಚಾಗಿರಲಿಲ್ಲ. ನಾವು ತರಗತಿಯಲ್ಲಿ ಹೇಳಿ ಬರೆಯಿಸಿದ ಒಂದು ಮಾತೂ ಅದರಲ್ಲಿ ಬಿಟ್ಟುಹೋಗಿರಲಿಲ್ಲ. ಆ ಪುಸ್ತಕವನ್ನು ನಾವು ಇತರರಿಗೆ ಮಾದರಿಯಾಗಿ ತೋರಿಸುತ್ತಿದ್ದೆವು. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶವು ಬಂದಾಗ ಅವಳು ವಿಜ್ಞಾನದಲ್ಲಿಯೂ ಸಮಾಜ ಪಾಠದಲ್ಲಿಯೂ ನಪಾಸಾಗಿದ್ದಳು.

ಎಣಿಕೆಯಲ್ಲಿ ಏನೋ ತಪ್ಪಾಗಿರಬೇಕೆಂದು ನಾವು ಮೊದಲು ತಿಳಿದೆವು. ತಪ್ಪಾಗಿರಲಿಲ್ಲ. ಅವಳ ತಂದೆಯು ಬಂದು, ಮನೆಯಲ್ಲಿ ವರನನ್ನು ನೋಡಿದ್ದೇವೆ, ಪೂರಕ ಪರೀಕ್ಷೆಗೆ ಒಂದು ಸಾರಿ ಹಣ ಕಟ್ಟುತ್ತೇನೆ, ಅದರಲ್ಲಿಯೂ ಹೋದರೆ ಇನ್ನು ಓದಿನ ಮಾತು ಬೇಡ ಎಂದು ಹೇಳಿ ಹೋದನು. ಅವಳನ್ನು ದಿನಾಲು ಸಂಜೆ ನಮ್ಮ ಬಳಿ ಕುಳ್ಳಿರಿಸಿಕೊಂಡೆವು. ಮೊದಲನೆಯ ದಿನ ಆ ಬಹುಮಾನದ ನೋಟುಬುಕ್ಕನ್ನು ತೆರೆದು ಓದೆಂದೆವು. ಎಲ್ಲಿಯೂ ತಡವರಿಸದೆ ಓದಿದಳು. ಅರ್ಥವಾಯಿತೇ ಎಂದು ಕೇಳಿದ್ದಕ್ಕೆ, ಆಯಿತೆಂದಳು. ಆಗ ಪುಸ್ತಕವನ್ನು ಮುಚ್ಚಿ ಒಂದು ಬರೀ ಹಾಳೆಯನ್ನು ಮುಂದಿಟ್ಟು, ಈಗ ಓದಿದ್ದನ್ನು ನಿನ್ನ ಮಾತಿನಲ್ಲಿ ಬರೆ ಎಂದೆವು. ಹಾಳೆಯ ಮೇಲೆ ಎರಡೂವರೆ ಸಾಲು ಬಿದ್ದವು. ಆ ಮೇಲೆ ಅವಳು ಲೇಖನಿಯನ್ನು ಕೆಳಗಿಟ್ಟು ನಮ್ಮ ಮುಖವನ್ನು ನೋಡಿದಳು. ಆ ನೋಟವನ್ನು ನಾವು ಮರೆಯಲಿಲ್ಲ. ತನಗೆ ಗೊತ್ತಿಲ್ಲವೆಂಬದು ಅವಳಿಗೆ ಆ ಕ್ಷಣದ ವರೆಗೆ ಗೊತ್ತಿರಲಿಲ್ಲ. ಗೊತ್ತಾಗುವದಕ್ಕೆ ನಾವು ಎರಡು ವರ್ಷಗಳಲ್ಲಿ ಒಂದು ದಿವಸವೂ ಅವಕಾಶ ಕೊಟ್ಟಿರಲಿಲ್ಲ. ಬದಲಾಗಿ ಬಹುಮಾನ ಕೊಟ್ಟಿದ್ದೆವು.

ಅಂದಿನಿಂದ ಆರು ವಾರಗಳ ವರೆಗೆ ಕ್ರಮವನ್ನು ತಿರುಗುಮುರುಗು ಮಾಡಿದೆವು. ಒಂದು ಸಲ ಓದುವದು, ಮುಚ್ಚುವದು, ನೆನಪಿಗೆ ಬಂದಷ್ಟನ್ನು ಬರೆಯುವದು, ಆ ಮೇಲೆ ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸುವದು. ಮೊದಲ ವಾರ ಅವಳು ಅತ್ತಳು. ಈ ರೀತಿಯ ಓದು ಬೇಸರದ್ದು, ನಿಧಾನವಾದದ್ದು, ಪ್ರತಿಸಾರಿಯೂ ತನ್ನ ಅಜ್ಞಾನವನ್ನು ತನ್ನ ಕಣ್ಣಿಗೇ ತೋರಿಸುವಂಥಾದ್ದು. ಹಸುರು ಮಸಿಯಲ್ಲಿ ಗೆರೆ ಎಳೆಯುವ ಸುಖವು ಇದರಲ್ಲಿಲ್ಲ. ಮೂರನೆಯ ವಾರಕ್ಕೆ ಹಾಳೆಗಳು ತುಂಬತೊಡಗಿದವು. ಪೂರಕ ಪರೀಕ್ಷೆಯಲ್ಲಿ ಎರಡು ವಿಷಯಗಳಲ್ಲಿಯೂ ತೇರ್ಗಡೆಯಾದಳು.

ಒಬ್ಬಳ ಅನುಭವದಿಂದ ಎಲ್ಲರಿಗೂ ನಿಯಮ ಮಾಡಬಹುದೇ ಎಂದು ಕೇಳುವವರಿಗೆ ಒಂದು ಪರಿಶೋಧನೆಯ ವಿಷಯವನ್ನು ಹೇಳುತ್ತೇವೆ. ಅಮೇರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗವನ್ನು ಕೊಟ್ಟರು. ಒಂದು ಗುಂಪಿನವರು ಅದನ್ನು ನಾಲ್ಕು ಅವಧಿಗಳಲ್ಲಿಯೂ ಓದಿದರು. ಇನ್ನೊಂದು ಗುಂಪಿನವರು ಒಂದು ಅವಧಿ ಮಾತ್ರ ಓದಿ, ಉಳಿದ ಮೂರು ಅವಧಿಗಳಲ್ಲಿ ಪುಟವನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದು: ಅವರಿಗೆ ನೂರಕ್ಕೆ 83 ಪಾಲು, ಬರೆದವರಿಗೆ 71. ಒಂದು ವಾರದ ಮೇಲೆ ಕೇಳಿದಾಗ ಓದಿದವರಲ್ಲಿ ಉಳಿದದ್ದು 40, ಬರೆದವರಲ್ಲಿ 61. ಇದಕ್ಕಿಂತಲೂ ವಿಚಾರ ಮಾಡತಕ್ಕ ಸಂಗತಿಯೇನೆಂದರೆ, ಮುಂದಿನ ವಾರ ನಿಮಗೆ ಎಷ್ಟು ನೆನಪಿರಬಹುದೆಂದು ಮೊದಲೇ ಕೇಳಿದಾಗ ಹೆಚ್ಚು ಭರವಸೆಯಿಂದ ಉತ್ತರ ಕೊಟ್ಟವರು ಪದೇಪದೇ ಓದಿದ ಗುಂಪಿನವರೇ. ಪುಟವು ಪರಿಚಿತವಾಗುವದನ್ನು ಪಾಠವು ತಿಳಿದಂತೆ ಎಂದು ಮನಸ್ಸು ಎಣಿಸುತ್ತದೆ. ನಮ್ಮ ಆ ಹುಡುಗಿಯೂ ಹೀಗೆಯೇ ಮೋಸಹೋದಳು. ಅವಳ ಉಪಾಧ್ಯಾಯಿನಿಯೂ ಮೋಸಹೋದಳು.

ನಮ್ಮ ಅಜ್ಜಂದಿರ ಕಾಲದ ಕೂಲಿಮಠಗಳನ್ನು ಹಳಿಯುವದು ವಾಡಿಕೆಯಾಗಿದೆ. ಅಲ್ಲಿಯ ಕೋದಂಡವನ್ನೂ ಬೆತ್ತವನ್ನೂ ನಾವೂ ಹಳಿಯುತ್ತೇವೆ. ಆದರೆ ಅಲ್ಲಿ ಮಕ್ಕಳು ಬರೆಯುತ್ತಿದ್ದದ್ದು ಮರಳಿನ ಮೇಲೆ, ಹಲಗೆಯ ಮೇಲೆ. ಬರೆದದ್ದನ್ನು ಅಳಿಸದೆ ಮುಂದಿನದನ್ನು ಬರೆಯುವಂತಿರಲಿಲ್ಲ. ಅಳಿಸುವದಕ್ಕಿಂತ ಮುಂಚೆ ಅದನ್ನು ತಲೆಯೊಳಗೆ ಇಟ್ಟುಕೊಳ್ಳಲೇಬೇಕಾಗಿತ್ತು. ಬಟ್ಟೆಗೆ ಹುಣಿಸೇಬೀಜದ ಸರಿಯನ್ನೂ ಇದ್ದಲಿನ ಮಸಿಯನ್ನೂ ಬಳಿದು ಮಡಿಸಿ ಮಾಡಿದ ಕಡತದಲ್ಲಿ ಬಳಪದಿಂದ ಬರೆಯುತ್ತಿದ್ದವರು, ಉಳಿಯಲೇಬೇಕಾದ ಲೆಕ್ಕಪತ್ರ ಮೊದಲಾದವುಗಳನ್ನು ಅದರಲ್ಲಿ ಬರೆದರು. ಕಾಗದವು ಅಗ್ಗವಾದಾಗ ನಮ್ಮ ನೆನಪು ತಲೆಯಿಂದ ನೋಟುಬುಕ್ಕಿಗೆ ಸಾಗಿತು. ಈಗ ಅಲ್ಲಿಂದಲೂ ಹೊರಟು ಮೊಬೈಲಿಗೆ ಸಾಗುತ್ತಿದೆ. ಕಪ್ಪು ಹಲಗೆಯ ಚಿತ್ರವನ್ನು ತೆಗೆದುಕೊಂಡೆನೆಂದು ಸಂತೋಷಪಡುವ ಹುಡುಗಿಯು ಆ ಚಿತ್ರವನ್ನು ಮತ್ತೆ ತೆರೆದು ನೋಡಿದ್ದನ್ನು ನಾವು ಬಹಳ ಕಡಿಮೆ ಕಂಡಿದ್ದೇವೆ.

ಹಾಗಾದರೆ ಟಿಪ್ಪಣಿ ಬರೆಯಲೇಬಾರದೇ? ಬರೆಯಬೇಕು. ಯಾವ ರೀತಿ ಎಂಬದಕ್ಕೆ ಮೈಕೆಲ್ ಫ್ಯಾರಡೆಯ ಕಥೆಗಿಂತ ಒಳ್ಳೆಯ ಉದಾಹರಣೆಯನ್ನು ನಾವು ಕಾಣೆವು. ವಿದ್ಯುಚ್ಛಕ್ತಿಯ ಪಾಠದಲ್ಲಿ ಈತನ ಹೆಸರನ್ನು ನೀವೆಲ್ಲರೂ ಓದಿರುತ್ತೀರಿ. ಲಂಡನ್ ಪಟ್ಟಣದ ಕಮ್ಮಾರನೊಬ್ಬನ ಮಗ. ಹೆಚ್ಚಿನ ಶಾಲೆಯನ್ನು ಕಾಣದವನು. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದವನು. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬನ ದಯೆಯಿಂದ ಹಂಫ್ರಿ ಡೇವಿ ಎಂಬ ಪ್ರಖ್ಯಾತ ರಸಾಯನಶಾಸ್ತ್ರಜ್ಞನ ನಾಲ್ಕು ಉಪನ್ಯಾಸಗಳಿಗೆ ಅವನಿಗೆ ಪ್ರವೇಶವು ದೊರೆಯಿತು. ತಾನು ಮಾಡಿದ್ದೇನೆಂಬದನ್ನು ಅವನು ಗೆಳೆಯನಿಗೆ ಬರೆದ ಪತ್ರದಲ್ಲಿ ವಿವರಿಸಿದ್ದಾನೆ. ಉಪನ್ಯಾಸಕ್ಕೆ ಹೋಗುವಾಗ ಕೆಲವು ಹಾಳೆಗಳನ್ನು ಪುಸ್ತಕದ ಹಾಗೆ ಹೊಲಿದುಕೊಂಡು, ಒಂದು ಪೆನ್ಸಿಲನ್ನೂ ಬರೆಯುವದಕ್ಕೆ ಒಂದು ಆಧಾರವನ್ನೂ ಒಯ್ಯುವನು. ಅಲ್ಲಿ ಎಲ್ಲವನ್ನೂ ಬರೆಯುವದಿಲ್ಲ. ಮುಖ್ಯವಾದ ಶಬ್ದಗಳು, ಚಿಕ್ಕದಾದರೂ ತೂಕವುಳ್ಳ ವಾಕ್ಯಗಳು, ಪ್ರಯೋಗಗಳ ಹೆಸರುಗಳು, ಪದಾರ್ಥಗಳ ಹೆಸರುಗಳು, ಇಷ್ಟೇ. ಮನೆಗೆ ಬಂದ ಮೇಲೆ ಅವುಗಳ ಆಧಾರದಿಂದ ಎರಡನೆಯ ಟಿಪ್ಪಣಿಯನ್ನು ಬರೆಯುವನು. ಇದು ಮೊದಲಿನದಕ್ಕಿಂತ ವಿಸ್ತಾರ, ಹೆಚ್ಚು ಹೊಂದಿಕೆಯುಳ್ಳದ್ದು, ಓದಲು ಬರುವಂಥಾದ್ದು. ಅದನ್ನು ದಾರಿತೋರುಕವನ್ನಾಗಿ ಇಟ್ಟುಕೊಂಡು ಮೂರನೆಯ ಸಾರಿ ಇಡೀ ಉಪನ್ಯಾಸವನ್ನು ಚಿತ್ರಗಳೊಂದಿಗೆ ಬರೆದಿಡುವನು. ತನ್ನ ಕಸುಬಿನ ಕೈಯಿಂದಲೇ ಆ ಹಾಳೆಗಳಿಗೆ ರಟ್ಟು ಕಟ್ಟಿ, ಆ ವರ್ಷದ ಕೊನೆಗೆ ಡೇವಿಗೆ ಕಳುಹಿಸಿದನು. ಮುಂದೆ 1813ರ ಮಾರ್ಚಿಯಲ್ಲಿ ಡೇವಿಯ ಪ್ರಯೋಗಶಾಲೆಯ ಸಹಾಯಕನ ಸ್ಥಾನವು ತೆರವಾಗಲು ಅದು ಈ ರಟ್ಟು ಕಟ್ಟುವವನಿಗೆ ದೊರಕಿತು. ವಿದ್ಯುತ್ತಿನ ಪ್ರೇರಣೆಯನ್ನು 1831ರಲ್ಲಿ ಕಂಡುಹಿಡಿದವನು ಅವನೇ.

ಇಲ್ಲಿ ಗಮನಿಸತಕ್ಕದ್ದು ಮೊದಲನೆಯ ಮತ್ತು ಎರಡನೆಯ ಟಿಪ್ಪಣಿಗಳ ನಡುವಿನ ಅಂತರ. ಆ ಅಂತರದಲ್ಲಿಯೇ ಕಲಿಕೆಯು ನಡೆಯಿತು. ಬರೆದುಕೊಂಡ ಹತ್ತು ಶಬ್ದಗಳ ನಡುವೆ ಏನಿತ್ತೆಂಬದನ್ನು ಅವನು ತನ್ನ ತಲೆಯಿಂದಲೇ ತುಂಬಿಸಬೇಕಾಗಿತ್ತು. ಎಲ್ಲವನ್ನೂ ಅಲ್ಲಿಯೇ ಬರೆದುಕೊಂಡಿದ್ದರೆ ತುಂಬಿಸುವದಕ್ಕೆ ಏನೂ ಉಳಿಯುತ್ತಿರಲಿಲ್ಲ.

ನಮ್ಮ ವಿದ್ಯಾರ್ಥಿನಿಯರಿಗೆ ದಿನಕ್ಕೆ ಏಳು ಪಿರೇಡುಗಳಿರುವದರಿಂದ ಮೂರು ಸಾರಿ ಬರೆಯುವದು ಆಗದ ಮಾತು. ಅವರಿಗೆ ಇನ್ನೊಂದು ಬಗೆಯು ಒಗ್ಗುತ್ತದೆ. ಅಮೇರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ವಾಲ್ಟರ್ ಪಾಕ್ ಎಂಬ ಅಧ್ಯಾಪಕನು ಇದನ್ನು ರೂಢಿಗೆ ತಂದನು. 1962ರಲ್ಲಿ ಹೊರಬಂದ ಅವನ ಪುಸ್ತಕದಿಂದ ಇದು ಹರಡಿತು. ಪುಟದ ಎಡಗಡೆಗೆ ಸುಮಾರು ಎರಡೂವರೆ ಅಂಗುಲ ಬಿಟ್ಟು ಒಂದು ಗೆರೆ ಎಳೆಯುವದು; ಕೆಳಗಡೆಗೆ ಎರಡು ಅಂಗುಲ ಬಿಟ್ಟು ಇನ್ನೊಂದು ಗೆರೆ. ತರಗತಿಯಲ್ಲಿ ಬರೆಯುವದು ಬಲಗಡೆಯ ದೊಡ್ಡ ಭಾಗದಲ್ಲಿ ಮಾತ್ರ. ಎಡಗಡೆಯು ಸಾಯಂಕಾಲದ ವರೆಗೆ ಖಾಲಿಯಾಗಿರಬೇಕು. ಸಂಜೆ ಮನೆಯಲ್ಲಿ ಬಲಗಡೆಯದನ್ನು ಓದಿ, ಅದು ಯಾವ ಪ್ರಶ್ನೆಗೆ ಉತ್ತರವೋ ಆ ಪ್ರಶ್ನೆಯನ್ನು ಎಡಗಡೆಯಲ್ಲಿ ಬರೆಯತಕ್ಕದ್ದು. ಕೆಳಗಿನ ಎರಡು ಅಂಗುಲದಲ್ಲಿ ಇಡೀ ಪುಟದ ಸಾರ, ಎರಡೇ ವಾಕ್ಯ.

ಮೊನ್ನೆ ಒಂಬತ್ತನೆಯ ತರಗತಿಯಲ್ಲಿ ಕೃಷ್ಣಾ ನದಿಯ ಪಾಠವು ನಡೆಯಿತು. ಅದನ್ನೇ ತೆಗೆದುಕೊಳ್ಳೋಣ. ನಲವತ್ತು ನಿಮಿಷದ ಪಾಠದಿಂದ ಒಬ್ಬ ಹುಡುಗಿಯು ಬಲಗಡೆಯಲ್ಲಿ ಬರೆದುಕೊಂಡದ್ದು ಇಷ್ಟು: ಹುಟ್ಟು, ಮಹಾಬಲೇಶ್ವರ, ಅರಬ್ಬೀ ಸಮುದ್ರಕ್ಕೆ ಅಲ್ಲಿಂದ ಸುಮಾರು 64 ಕಿ.ಮೀ. ಮಾತ್ರ; ಹರಿವು ಪೂರ್ವಕ್ಕೆ, ಉದ್ದ ಸುಮಾರು 1,400 ಕಿ.ಮೀ., ಸೇರುವದು ಬಂಗಾಳ ಕೊಲ್ಲಿ. ಉಪನದಿಗಳು ಘಟಪ್ರಭಾ, ಮಲಪ್ರಭಾ, ಭೀಮಾ, ತುಂಗಭದ್ರಾ. ಮಲಪ್ರಭೆ ಕೂಡುವದು ಕೂಡಲಸಂಗಮದಲ್ಲಿ. ಅಣೆಕಟ್ಟುಗಳು ಆಲಮಟ್ಟಿ, ನಾರಾಯಣಪುರ. ಐದಾರು ಸಾಲು. ಪಕ್ಕದ ಹುಡುಗಿಯು ಮೂರು ಪುಟ ಬರೆದಿದ್ದಳು. ಮೊದಲಿನವಳು ಸಂಜೆ ಎಡಗಡೆಯಲ್ಲಿ ಬರೆದ ಪ್ರಶ್ನೆಯು ಇದು: "ಪಡುವಣ ಸಮುದ್ರವು ಅಷ್ಟು ಹತ್ತಿರವಿರುವಾಗ ಕೃಷ್ಣೆಯು ಅಷ್ಟು ದೂರ ಮೂಡಲಿಗೆ ಯಾಕೆ ಹೋದಳು?" ಇದು ಪಠ್ಯಪುಸ್ತಕದ ಕೊನೆಯಲ್ಲಿರುವ ಪ್ರಶ್ನೆಯಲ್ಲ, ಅವಳದೇ. ಉತ್ತರವನ್ನು ಅವಳು ಮರುದಿನ ತರಗತಿಯಲ್ಲಿ ಕೇಳಿ ತಿಳಿದುಕೊಂಡಳು: ಘಟ್ಟಗಳು ಪ್ರಸ್ಥಭೂಮಿಯ ಎತ್ತರವಾದ ಪಡುವಣ ಅಂಚು, ಅಲ್ಲಿಂದ ನೆಲವು ಮೂಡಲಿಗೆ ಇಳಿಜಾರು. ಈ ಒಂದು ಮಾತು ತಿಳಿದವಳಿಗೆ ಗೋದಾವರಿಯೂ ಕಾವೇರಿಯೂ ಹರಿಯುವ ದಿಕ್ಕನ್ನು ಬಾಯಿಪಾಠ ಮಾಡುವ ಕಷ್ಟವಿಲ್ಲ. ಮುಂದೆ ಓದುವಾಗ ಬಲಗಡೆಯನ್ನು ಒಂದು ಹಾಳೆಯಿಂದ ಮುಚ್ಚಿ, ಎಡಗಡೆಯ ಪ್ರಶ್ನೆಗಳಿಗೆ ಉತ್ತರ ಹೇಳಿಕೊಂಡರಾಯಿತು. ನಾವು ಆ ಹುಡುಗಿಯ ಮುಂದೆ ಇಟ್ಟ ಬರೀ ಹಾಳೆಯ ಕೆಲಸವನ್ನು ಇದು ತಾನಾಗಿಯೇ ಮಾಡುತ್ತದೆ.

ಎಲ್ಲಾ ವಿಷಯಗಳಿಗೂ ಇದೇ ಬಗೆಯು ಸಲ್ಲುವದಿಲ್ಲ. ಗಣಿತಕ್ಕೆ ಟಿಪ್ಪಣಿಯಿಂದ ಪ್ರಯೋಜನವು ಅಲ್ಪ. ಮಾಡಿದ ಲೆಕ್ಕವನ್ನೇ ನೋಡದೆ ಮತ್ತೊಮ್ಮೆ ಮಾಡುವದೇ ಅದರ ಅಭ್ಯಾಸ. ಹಳಗನ್ನಡದ ಪದ್ಯಕ್ಕೆ ಪದವಿಂಗಡಣೆಯನ್ನೂ ಅನ್ವಯವನ್ನೂ ಪದ್ಯದ ನೆತ್ತಿಯ ಮೇಲೆಯೇ ಸಣ್ಣದಾಗಿ ಬರೆದುಕೊಳ್ಳುವದು ಮೇಲು.

ಯಂತ್ರದ ಮೇಲೆ ಟೈಪು ಮಾಡುವದೋ ಕೈಯಿಂದ ಬರೆಯುವದೋ ಎಂಬ ಚರ್ಚೆಯು ಕಾಲೇಜು ಸೇರಿದ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ನಡೆಯುತ್ತದೆ. 2014ರಲ್ಲಿ ಮುಲ್ಲರ್ ಮತ್ತು ಓಪನ್‌ಹೈಮರ್ ಎಂಬವರು, ಲ್ಯಾಪ್‌ಟಾಪಿನಲ್ಲಿ ಬರೆದುಕೊಳ್ಳುವವರು ಕೇಳಿದ್ದನ್ನು ಶಬ್ದಶಃ ಇಳಿಸಿಕೊಳ್ಳುವದು ಹೆಚ್ಚೆಂದೂ, ವಿಚಾರದ ಪ್ರಶ್ನೆಗಳಲ್ಲಿ ಕೈಬರಹದವರು ಮುಂದೆಂದೂ ಪ್ರಕಟಿಸಿದರು. ಆ ಮೇಲೆ ಅದೇ ಪ್ರಯೋಗವನ್ನು ಮತ್ತೆ ಮಾಡಿದವರಿಗೆ ಅಷ್ಟು ಸ್ಪಷ್ಟವಾದ ಅಂತರವು ಕಾಣಲಿಲ್ಲ. ಆದದರಿಂದ ಕೈಬರಹದ ಮಹಿಮೆಯನ್ನು ನಾವು ಅತಿಯಾಗಿ ಹಾಡುವದಿಲ್ಲ. ಪೆನ್ನಿನಿಂದ ಶಬ್ದಶಃ ಬರೆದುಕೊಂಡು ನಪಾಸಾದವಳನ್ನು ನಾವು ಕಣ್ಣಾರೆ ಕಂಡಿದ್ದೇವಲ್ಲಾ!

ಇಷ್ಟೆಲ್ಲಾ ಬರೆದ ಮೇಲೆ ಸಮಯದ ಮಾತು ಉಳಿಯಿತು. ವಿದ್ಯಾರ್ಥಿನಿಲಯದಲ್ಲಿರುವವರಿಗೆ ಗಂಟೆಯು ಬಾರಿಸಿದಾಗ ಓದು, ಬಾರಿಸಿದಾಗ ಊಟ. ಅವರ ಕಷ್ಟ ಕಡಿಮೆ. ಮನೆಯಿಂದ ಬರುವವರ ದಿನಚರಿಯನ್ನು ಒಂದು ಸಾರಿ ಬರೆಯಿಸಿ ನೋಡಿದೆವು. ಬಹುಮಂದಿ ಹುಡುಗಿಯರು ಸಂಜೆ ಐದರಿಂದ ಎಂಟರ ವರೆಗೆ ನೀರು ತುಂಬುತ್ತಾರೆ, ಪಾತ್ರೆ ತೊಳೆಯುತ್ತಾರೆ, ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತಾರೆ; ರೊಟ್ಟಿ ಬಡಿಯುವವರೂ ಇದ್ದರು. ಅಣ್ಣನಿಗೆ ಅದೇ ಹೊತ್ತಿನಲ್ಲಿ ಟ್ಯೂಷನ್. ಮನೆಗೆಲಸವು ಅವಮಾನವಲ್ಲ, ನಾವೂ ಒಲೆಯ ಮುಂದೆ ಕುಳಿತು ಓದಿದವರೇ. ಆದರೆ ಅದು ಮಗಳೊಬ್ಬಳ ಪಾಲಿಗೇ ಯಾಕೆ ಬರಬೇಕೆಂದು ತಂದೆತಾಯಂದಿರ ಸಭೆಯಲ್ಲಿ ಕೇಳಿದ್ದೇವೆ, ಇನ್ನೂ ಕೇಳುತ್ತೇವೆ. ಉತ್ತರವು ಬರುವ ವರೆಗೆ ಹುಡುಗಿಯರು ಮೂರು ತಾಸಿನ ಏಕಾಂತಕ್ಕಾಗಿ ಕಾದು ಕುಳಿತುಕೊಳ್ಳಬಾರದು. ಇಪ್ಪತ್ತು ನಿಮಿಷವು ಸಾಕು, ದಿನಕ್ಕೆ ಎರಡು ಸಾರಿ, ಅದೇ ಸ್ಥಳದಲ್ಲಿ, ಅದೇ ಹೊತ್ತಿನಲ್ಲಿ. ಸಂಜೆಯ ಇಪ್ಪತ್ತು ನಿಮಿಷ ಎಡಗಡೆಯ ಪ್ರಶ್ನೆಗಳಿಗೆ; ಬೆಳಿಗ್ಗೆಯ ಇಪ್ಪತ್ತು ನಿಮಿಷ ನಿನ್ನೆಯ ಒಂದು ಪುಟ, ಹಿಂದಿನ ವಾರದ ಒಂದು ಪುಟ, ಹಿಂದಿನ ತಿಂಗಳಿನ ಒಂದು ಪುಟ. ಪಾತ್ರೆ ತೊಳೆಯುವಾಗ ಕೈಗೆ ಮಾತ್ರ ಕೆಲಸವಿರುವದರಿಂದ, ಬೆಳಗಿನ ಪಾಠವನ್ನು ಮನಸ್ಸಿನಲ್ಲಿಯೇ ಮೊದಲಿನಿಂದ ಹೇಳಿಕೊಳ್ಳಬಹುದು. ಎಲ್ಲಿ ನಿಂತಿತೋ ಅಲ್ಲಿಂದ ಸಂಜೆಯ ಓದು. ನಿದ್ದೆಗೆಟ್ಟು ಓದುವದನ್ನು ನಾವು ಒಪ್ಪುವದಿಲ್ಲ.

ನಮ್ಮ ಶಾಲೆಯಲ್ಲಿ ಈಗ ಅಚ್ಚುಕಟ್ಟಾದ ನೋಟುಬುಕ್ಕಿನ ಬಹುಮಾನವಿಲ್ಲ. ಎಂಟನೆಯ ತರಗತಿಯಿಂದ ಮೇಲಕ್ಕೆ ಪ್ರತಿಪಿರೇಡಿನ ಕೊನೆಯ ಐದು ನಿಮಿಷ ಎಲ್ಲಾ ಪುಸ್ತಕಗಳನ್ನು ಮುಚ್ಚಿಸಿ, ಅಂದಿನ ಪಾಠದಲ್ಲಿ ನೆನಪಿರುವದನ್ನು ಒಂದು ಚೀಟಿಯಲ್ಲಿ ಬರೆಯಿಸುತ್ತೇವೆ, ಅದಕ್ಕೆ ಅಂಕಗಳಿಲ್ಲ. ಕೆಲವು ಉಪಾಧ್ಯಾಯಿನಿಯರು ಪಾಠವು ಮುಗಿಯುವದಿಲ್ಲವೆಂದು ಮೊದಲಿಗೆ ಗೊಣಗಿದರು. ಚೀಟಿಗಳನ್ನು ಓದಿನೋಡಿದ ಮೇಲೆ, ತಾವು ಮುಗಿಸಿದ್ದೇವೆಂದು ತಿಳಿದ ಪಾಠಗಳು ಎಷ್ಟು ಮುಗಿದಿದ್ದವೆಂಬದು ಅವರಿಗೂ ಗೊತ್ತಾಯಿತು.

ಕಳೆದ ಜೂನಿನಲ್ಲಿ ಎಂಟನೆಯ ತರಗತಿಗೆ ಒಬ್ಬ ಹುಡುಗಿಯನ್ನು ಸೇರಿಸಲು ಅವಳ ತಾಯಿಯು ಬಂದಿದ್ದಳು. ನಾವು ಗುರುತಿಸಿದೆವು, ಎರಡು ವರ್ಷ ಬಹುಮಾನ ಗೆದ್ದವಳೇ. ಪೂರಕ ಪರೀಕ್ಷೆಯ ತರುವಾಯ ಅವಳು ಪಿ.ಯು.ಸಿ. ಓದಿ, ದಾದಿಯ ಶಿಕ್ಷಣವನ್ನೂ ಮುಗಿಸಿದ್ದಳು. ಮಗಳ ಕೈಯಲ್ಲಿ ಬಣ್ಣಬಣ್ಣದ ಪೆನ್ನುಗಳ ಒಂದು ಹೊಸ ಡಬ್ಬಿಯಿತ್ತು. ತಾಯಿಯು ನಮ್ಮನ್ನು ನೋಡಿ, ಡಬ್ಬಿಯನ್ನು ನೋಡಿ, ನಕ್ಕಳು. "ಇರಲಿ ಬಿಡಿ, ಒಂದು ಬಣ್ಣವನ್ನು ಬಿಟ್ಟುಹೋದದ್ದನ್ನು ಸೇರಿಸುವದಕ್ಕೆ ಇಟ್ಟುಕೊಳ್ಳಲಿ" ಎಂದು ನಾವು ಹೇಳಿ, ಹುಡುಗಿಯನ್ನು ತರಗತಿಗೆ ಕಳುಹಿಸಿದೆವು.